ಗೋಷ್ಠಿಯ ಕೊಠಡಿ ಯಾರದು?

ವಿಶ್ವವಿದ್ಯಾನಿಲಯಗಳಲ್ಲಿ ಗೋಷ್ಠಿಯ ಕೊಠಡಿ ಎಲ್ಲ ವಿಭಾಗಗಳಿಗೂ ಸೇರಿದ್ದೆಂದು ಹೇಳುವುದುಂಟು. ಆದರೆ ನಿಯಮವಿಲ್ಲದೆಡೆ ಎಲ್ಲರಿಗೂ ಸೇರಿದ್ದು ಬಲವುಳ್ಳವನಿಗೇ ಸೇರುತ್ತದೆ. ಇದನ್ನು ನಾವು ಅನುಭವದಿಂದ ಬಲ್ಲೆವು.

ಈಚೆಗೆ ಒಂದು ವಿದ್ಯಾಸಂಸ್ಥೆಯಲ್ಲಿ ಶಾಸನಗಳನ್ನು ಕುರಿತ ಉಪನ್ಯಾಸಕ್ಕೆಂದು ಮೂರು ವಾರ ಮೊದಲೇ ದಾಖಲೆ ಪುಸ್ತಕದಲ್ಲಿ ಬರೆಸಿದ್ದೆವು. 2004ರವರೆಗೆ ಧರ್ಮಪುರಿ ಜಿಲ್ಲೆಗೆ ಸೇರಿದ್ದ ಹೊಸೂರು, ತಳಿಗಳಿಂದ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಬಸ್ಸು ಹಿಡಿದು ಬಂದರು. ಕೊಠಡಿಯಲ್ಲಿ ಬೇರೊಂದು ಸಭೆ ನಡೆದಿತ್ತು. ವಿಚಾರಿಸಿದರೆ, "ಮೇಲಿನಿಂದ ಮಾತು ಬಂತು" ಎಂಬ ಉತ್ತರ. ನಮ್ಮ ಉಪನ್ಯಾಸ ಮೊಗಸಾಲೆಯಲ್ಲಿ ನಿಂತೇ ಮುಗಿಯಿತು.

"ನೀವು ಹತ್ತು ಜನ, ಎಲ್ಲಿಯಾದರೂ ಕೂಡಬಹುದಲ್ಲ?" ಎನ್ನುವವರಿದ್ದಾರೆ. ಜಗುಲಿಯ ಮೇಲೆ ಕುಳಿತು ಹಾಡು ಹೇಳಬಹುದು. ಧರ್ಮಪುರಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನದ ಪಡಿಯಚ್ಚನ್ನು ಹರಡಿ ಅಕ್ಷರ ಅಕ್ಷರವನ್ನೂ ಚರ್ಚಿಸಲು ಮೇಜು ಬೇಕು, ಬೆಳಕು ಬೇಕು, ಮುಚ್ಚಿಕೊಳ್ಳುವ ಬಾಗಿಲು ಬೇಕು. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಅಂತಹ ಕಾರ್ಯ ಮೊಗಸಾಲೆಯಲ್ಲಿ ನಿಂತು ಆಗತಕ್ಕದ್ದಲ್ಲ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣದ ಅನುಕೂಲವನ್ನು ಹೇಳುತ್ತದೆ; ಆದರೆ ಅದು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ಸಂಶೋಧನೆಯ ಮಟ್ಟದಲ್ಲಿ ನಮ್ಮಂತಹವರಿಗೆ ದಿನನಿತ್ಯದ ಕಾವಲು ಎಂದರೆ ಆ ದಾಖಲೆ ಪುಸ್ತಕವೇ. ದೊಡ್ಡ ವಿಭಾಗಕ್ಕೆ ಈ ಕೊಠಡಿ ತಪ್ಪಿದರೆ ಇನ್ನೊಂದು ಸಿಕ್ಕೀತು. ನಮಗೆ ತಪ್ಪಿದರೆ ಗೋಷ್ಠಿಯೇ ತಪ್ಪುತ್ತದೆ.

ಹಾಗೆಂದು ನಾವು ನಿರ್ದೋಷಿಗಳಲ್ಲ. ಹೆಸರು ಬರೆಸಿ ಬಾರದಿರುವುದು, ನಾಲ್ಕಕ್ಕೆಂದು ಪಡೆದು ಐದಕ್ಕೆ ಆರಂಭಿಸುವುದು, ಬೀಗದ ಕೈಯನ್ನು ಮನೆಗೆ ಒಯ್ಯುವುದು, ಪರಿಚಯದ ಗುಮಾಸ್ತರಿಂದ ಗುಟ್ಟಾಗಿ ದಿನ ಹಿಡಿಸುವುದು, ಇವೆಲ್ಲ ನಮ್ಮವರಲ್ಲೂ ಉಂಟು. ಇಂದು ದಾಕ್ಷಿಣ್ಯದಿಂದ ಕೊಠಡಿ ಪಡೆದವನು ನಾಳೆ ದಾಕ್ಷಿಣ್ಯದಿಂದಲೇ ಅದನ್ನು ಕಳೆದುಕೊಂಡಾಗ ದೂರಲಾರ.

ನಾವು ಕೇಳುವುದು ವಿಶೇಷ ಕೃಪೆಯನ್ನಲ್ಲ. ಪುಸ್ತಕ ಎಲ್ಲರ ಕಣ್ಣಿಗೆ ಬೀಳುವಲ್ಲಿರಲಿ. ಮೊದಲು ಬರೆಸಿದವರಿಗೆ ಮೊದಲ ಹಕ್ಕಿರಲಿ. ಯಾರೂ ಇಡೀ ಅವಧಿಯ ದಿನಗಳನ್ನು ಒಟ್ಟಿಗೆ ಹಿಡಿದಿಡದಿರಲಿ. ಕೊಟ್ಟ ದಿನವನ್ನು ಬದಲಿಸಬೇಕಾದರೆ ಕಾರಣ ಬರೆದು, ಬೇರೆ ದಿನ ಕೊಟ್ಟು, ಮುಂಚಿತವಾಗಿ ತಿಳಿಸಲಿ. ತಮಿಳು, ಕನ್ನಡ, ತೆಲುಗು, ಉರ್ದು ಎಲ್ಲಕ್ಕೂ ಒಂದೇ ನಿಯಮವಿರಲಿ. ಉಪಾಧ್ಯಾಯ ಮಿತ್ರರೇ, ಮುಂದಿನ ಗೋಷ್ಠಿಗೆ ನಾವು ಬಾಯಿಮಾತಿನಿಂದ ಕೊಠಡಿ ಕೇಳುವುದು ಬೇಡ. ಪುಸ್ತಕ ತೆರೆಸಿ ಬರೆಸೋಣ. ಬರೆಸಿದ ವೇಳೆಗೆ ಸರಿಯಾಗಿ ಬರೋಣ.