ಟೈರು ಆರ್ಸೋ ಮಾತ್ನಲ್ಲಿ ಹಿಂದ ಕೂರೋರ್ಗೂ ಬಾಯಿರ್ಬೇಕು

ಬೈಕಿನ ಮಾತು ಬಂದ್ರ ಸಾಕು, ನಮ್ಮ ಕಡ ಹೆಂಗಸ್ರು "ಅದು ಗಂಡೈಕ್ಳ ವಿಚಾರ ಬುಡವ್ವ" ಅಂದ್ಬುಟ್ಟು ಒಳಿಕ್ಕ ಎದ್ದೋಯ್ತರ. ನಾನು ಇದ ಒಪ್ಪಕಿಲ್ಲ. ಮಾದಪ್ಪನ ಬೆಟ್ಟಕ್ಕ, ಬಿಳಿಗಿರಿರಂಗನ ಬೆಟ್ಟಕ್ಕ, ಕೊಳ್ಳೇಗಾಲದ ಆಸ್ಪತ್ರೆಗ, ಹನೂರಿನ ಬ್ಯಾಂಕಿಗ ಆ ಬೈಕಿನ ಹಿಂದ ಕೂತ್ಕಂಡು ಹೋಗೋರು ಯಾರು? ನಾವೇ ತಾನೆ? ತೊಡೆ ಮೇಲ ಕೂಸು, ಕಯ್ಯಲ್ಲಿ ಚೀಲ. ಗಾಡಿ ಜಾರಿದ್ರ ಹಿಡ್ಕಳಕ ಹ್ಯಾಂಡ್ಲೂ ಇಲ್ದ ಬೀಳೋರೂ ನಾವೇ. ಎಷ್ಟೋ ಮನೇಲಿ ಸಂಘದ ಸಾಲ ತಗ್ದು ಗಾಡಿ ಕೊಡ್ಸಿರೋರೂ ನಾವೇ. ಅಂದಮ್ಯಾಕ ಅದ್ಕ ಎಂಥ ಟೈರು ಹಾಕ್ಬೇಕು ಅನ್ನೋ ಮಾತ್ನಲ್ಲಿ ನಮ್ಗೂ ಬಾಯಿರ್ಬೇಕು.

ಈಗಿನ ಹೈಕ್ಳಿಗ ಎತ್ತರದ ಬೈಕಿನ ಆಸೆ. ರಾಯಲ್ ಎನ್‌ಫೀಲ್ಡ್‌ನೋರ ಹಿಮಾಲಯನ್ 2016ರಲ್ಲಿ ಬಂತು, ಹೀರೋದೋರ ಎಕ್ಸ್‌ಪಲ್ಸ್ 200 ಬಂದದ್ದು 2019ರಲ್ಲಿ. ಡಾಂಬರಿಗೂ ಆಯ್ತದ, ಮಣ್ಣಿಗೂ ಆಯ್ತದ ಅಂತ ಮಾಡಿರೋ ಗಾಡಿಗಳಿವು. ಇವೆರಡ್ರಲ್ಲೂ ಮುಂದಿನ ಚಕ್ರ 21 ಇಂಚು. ನಮ್ಮ ಸ್ಪ್ಲೆಂಡರ್‌ನದು 18. ಚಕ್ರ ದೊಡ್ಡದಾದಷ್ಟೂ ಗುಂಡಿಗ ಬೀಳೋದು ಕಡ್ಮೆ, ಸೊಂಟಕ್ಕ ಪೆಟ್ಟೂ ಕಡ್ಮೆ. ನಮ್ಮ ರೋಡು ನೋಡುದ್ರ ಇಂಥ ಬೈಕು ತಗಳದು ತಪ್ಪಲ್ಲ. ಆದ್ರ ಸ್ಪ್ಲೆಂಡರ್ ಸೀಟು ನೆಲದಿಂದ 785 ಮಿಲಿಮೀಟರ್ ಇದ್ರ, ಎಕ್ಸ್‌ಪಲ್ಸ್‌ದು 825ರ ಹತ್ರ. ಸೀರೆ ಉಟ್ಕಂಡು ಒಂದೇ ಪಕ್ಕಕ್ಕ ಕೂತೋರ ಭಾರ ಅಷ್ಟು ಎತ್ತರದಲ್ಲಿ ಇರ್ತದ. ಟೈರು ಕೊಂಚ ಜಾರಿದ್ರೂ ಸಂಬಾಳ್ಸೋದು ಕಷ್ಟ.

ತೊಂದ್ರೆ ಶುರುವಾಗೋದು ಗಾಡಿ ಮನೆಗ ಬಂದ ಮೇಲ. ಫೋನ್‌ನಲ್ಲಿ ಯಾರ್ದೋ ವಿಡಿಯೋ ನೋಡ್ಬುಟ್ಟು, ಒಳ್ಳೇ ಟೈರು ಕಳ್ಚಿ ಗಡ್ಡೆಗಡ್ಡೆ ಇರೋ ಬಟನ್ ಟೈರು ಹಾಕುಸ್ತರ. ನೋಡಕ ಚೆಂದವೇ. ಆದ್ರ ನಮ್ಮ ಗಾಡಿ ವರ್ಸವೆಲ್ಲ ಎಲ್ಲೆಲ್ಲಿ ಓಡ್ತದ ಅಂತ ಬೆರಳು ಮಡ್ಚಿ ಎಣ್ಸಿ. ಕೊಳ್ಳೇಗಾಲದಿಂದ ಯಳಂದೂರಿಗ ಡಾಂಬರು. ಹನೂರು, ಕೌದಳ್ಳಿ ಮೇಲ ತಾಳಬೆಟ್ಟಕ್ಕ ಡಾಂಬರು, ಅಲ್ಲಿಂದ ಮೇಲಕ್ಕ ತಿರುವು ತಿರುವು ಘಾಟಿ. ಮಣ್ಣು ಅಂದ್ರ ಹೊಲದ ದಾರಿ, ತ್ವಾಟದ ದಾರಿ ಅಷ್ಟೇ. ಹತ್ತು ಪಾಲಲ್ಲಿ ಎಂಟೊಂಬತ್ತು ಪಾಲು ಟಾರು ರೋಡೇ ಬತ್ತದ.

ಟಾರಿನ ಮೇಲ ಗಾಡಿ ನಿಲ್ಲೋದು ರಬ್ಬರು ನೆಲಕ್ಕ ಎಷ್ಟು ಅಂಟ್ಕತದ ಅನ್ನೋದ್ರ ಮೇಲ. ಬಟನ್ ಟೈರಲ್ಲಿ ಗಡ್ಡೆ ಮಾತ್ರ ನೆಲ ಮುಟ್ತದ, ನಡುವೆಲ್ಲ ಖಾಲಿ. ಕೆಸ್ರಲ್ಲಿ ಆ ಗಡ್ಡೆ ಒಳಕ್ಕ ಕಚ್ಕಂಡು ಎಳೀತದ, ದಿಟ. ಆದ್ರ ಮಳೆ ಬಿದ್ದ ಘಾಟಿ ತಿರುವಲ್ಲಿ ಬ್ರೇಕು ಹಿಡುದ್ರ ಅದೇ ಗಡ್ಡೆ ಬಾಗ್ತದ, ಗಾಡಿ ನಿಲ್ಲೋದು ತಡ ಆಯ್ತದ. ಡಾಂಬರಲ್ಲಿ ಬೇಗ ಸವೀತದ, ಗುಂಯ್ ಅಂತ ಸದ್ದು ಬೇರೆ. ಎರಡಕ್ಕೂ ಆಗೋ ಟೈರನ್ನ ಅಂಗಡೀಲಿ 80-20, 50-50 ಅಂತರ. ರೋಡಿಗೆಷ್ಟು ಪಾಲು, ಮಣ್ಣಿಗೆಷ್ಟು ಪಾಲು ಅನ್ನೋ ಲೆಕ್ಕ ಅದು. ನಮ್ಮಂಥ ಮನೆಗಳ್ಗ 80-20 ಸರಿ ಅನ್ನೋದು ನನ್ನ ಮಾತು.

"ಕಾಡೊಳಕ್ಕ ಹೋಗಕ ಬೇಕು" ಅಂತ ಹೈದ ಅಂದ್ರ ಏನ್ಮಾಡದು? ಯಾವ ಕಾಡು ಅಂತ ಕೇಳಿ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ರಕ್ಷಿತ ಪ್ರದೇಶ. ಮಲೆ ಮಹದೇಶ್ವರ 2013ರಿಂದ ವನ್ಯಧಾಮ, ಕಾವೇರಿ ವನ್ಯಧಾಮ ಆದದ್ದು 1987ರಲ್ಲಿ. ಸರ್ಕಾರಿ ರೋಡು ಬುಟ್ಟು ಅಪ್ಪಣೆ ಇಲ್ದ ಒಳಕ್ಕ ಗಾಡಿ ಇಳ್ಸುದ್ರ 1972ರ ವನ್ಯಜೀವಿ ಕಾಯ್ದೇಲಿ ಅಪರಾಧ. ಹೋಗಕ್ಕೇ ಬುಡ್ದಿರೋ ಜಾಗಕ್ಕ ಟೈರು ಹಾಕ್ಸಿ, ದಿನಾ ಹೋಗೋ ಜಾಗದಲ್ಲಿ ಜಾರಿ ಬೀಳದು ಯಾವ ನ್ಯಾಯ?

ಎಲ್ಲಾರ್ಗೂ ಒಂದೇ ಮಾತು ಅಂತ ನಾನು ಹೇಳಕಿಲ್ಲ. ಇಂಡಿಗನತ್ತ, ಮೆದಗನಾಣೆ, ತುಳಸಿಕೆರೆ, ಇಂಥ ಬೆಟ್ಟದ ಊರುಗಳ ಕಲ್ಲುಮಣ್ಣಿನ ದಾರೀಲಿ ದಿನಾ ಓಡಾಡೋರ್ಗ, ರೇಶನ್ ಮೂಟೆ ಹೊರೋರ್ಗ ಗಡ್ಡೆ ಟೈರೇ ಸರಿ. ಅವ್ರ್ಗ ಅದು ಶೋಕಿ ಅಲ್ಲ, ಜೀವನ. ದಾರಿ ನೋಡಿ ಟೈರು ಆರ್ಸಿ, ವಿಡಿಯೋ ನೋಡಿ ಬ್ಯಾಡ, ಅಷ್ಟೇ.

ಅಂಗಡಿಗ ಹೋದಾಗ ನಾವೇ ನೋಡೋದು ಮೂರು ಅದ. ಒಂದು, ಟೈರಿನ ಪಕ್ಕದಲ್ಲಿ ನಾಕು ಅಂಕಿ ಒತ್ತಿರ್ತರ. 3224 ಅಂದ್ರ 2024ನೇ ಇಸವಿ 32ನೇ ವಾರದಲ್ಲಿ ಮಾಡಿದ್ದು. ಬಿಸ್ಕತ್ ಪೊಟ್ಟಣದ ತಾರೀಕು ನೋಡೋ ನಾವು ಇದ್ನೂ ನೋಡ್ಬೇಕು. ಎರಡು, ಅಳತೆ ಗಾಡಿ ಪುಸ್ತಕದಲ್ಲಿ ಇರೋದೇ ಆಗ್ಬೇಕು. ದಪ್ಪ ಕಾಣ್ಲಿ ಅಂತ ಹೆಚ್ಚಿನ ಸೈಜು ಹಾಕುಸ್ಬ್ಯಾಡಿ. ಮೂರು, ಪಕ್ಕದಲ್ಲಿ ಬಾಣದ ಗುರುತಿದ್ರ ಚಕ್ರ ತಿರುಗೋ ದಿಕ್ಕಿಗ ಅದು ಇರ್ಬೇಕು. ಹೊಸ ಟೈರು ಮೊದ್ಲು ನೂರೈವತ್ತು ಕಿಲೋಮೀಟರ್ ಜಾರು ಜಾರಾಗೇ ಇರ್ತದ, ಹಾಕ್ಸಿದ ಮಾರ್ನೇ ದಿನವೇ ಬೆಟ್ಟ ಹತ್ಬ್ಯಾಡಿ.

ಇನ್ನು ಮನೇಲಿ ಮಾಡ್ಕಳೋ ಕೆಲ್ಸ. ಗ್ಯಾರೇಜಿಗ ಓಡ್ಬೇಕಾಗಿಲ್ಲ, ಭಾನುವಾರ ಕಾಲು ಗಂಟೆ ಸಾಕು.

ಗಾಳಿ: ಬೆಳಗ್ಗೆ, ಗಾಡಿ ತಣ್ಣಗಿದ್ದಾಗ ನೋಡ್ಬೇಕು. ಹಿಂದ ಇನ್ನೊಬ್ರು ಕೂತ್ರ ಹಿಂದಿನ ಟೈರಿಗ ಹೆಚ್ಗ ಬೇಕು. ಎಷ್ಟು ಅನ್ನೋದು ಗಾಡಿ ಪುಸ್ತಕದಲ್ಲಿ ಅದ. ಕಡ್ಡಿ ಚಕ್ರದ ಗಾಡೀಲಿ ಸಾಮಾನ್ಯವಾಗಿ ಒಳಗ ಟ್ಯೂಬು ಇರ್ತದ. ಗಾಳಿ ತುಂಬೋ ಮೂತಿ ನೆಟ್ಟಗಿಲ್ದ ವಾಲಿದ್ರ ಒಳಗ ಟ್ಯೂಬು ಜಾರ್ಕಂಡದ ಅಂತ ಲೆಕ್ಕ. ಹಂಗೇ ಓಡುಸ್ಬ್ಯಾಡಿ, ಮೂತಿ ಬುಡದಲ್ಲೇ ಹರ್ದೋಯ್ತದ.

ಸವೆತ: ಟೈರಿನ ಗೀರೊಳಗ ಅಡ್ಡಕ್ಕ ಸಣ್ಣ ದಿಬ್ಬ ಇರ್ತದ. ಮೇಲಿನ ರಬ್ಬರು ಸವ್ದು ಆ ದಿಬ್ಬಕ್ಕ ಸಮ ಆದ್ರ ಟೈರಿನ ಕತೆ ಮುಗೀತು. "ಇನ್ನೊಂದು ಜಾತ್ರೆಗ ಆಯ್ತದ" ಅನ್ನೋ ಮಾತು ಕೇಳ್ಬ್ಯಾಡಿ.

ಕಡ್ಡಿ: ಒಂದೊಂದ್ನೂ ಸ್ಪ್ಯಾನರ್ ತುದೀಲಿ ತಟ್ಟಿ. ಟಿಣ್ ಅಂದ್ರ ಬಿಗಿ, ತೊಟ್ ಅಂದ್ರ ಸಡ್ಲ. ಮಡಕೆ ತಟ್ಟಿ ತಗಳೋ ನಮ್ಗ ಇದ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಚೈನು: ಸೀಮೆಣ್ಣೆ ಅದ್ದಿದ ಬಟ್ಟೇಲಿ ಒರ್ಸಿ, ಒಣಗ್ಸಿ, ಚೈನಿಗ ಹಾಕೋ ಎಣ್ಣೆ ಬುಡಿ. ಪೆಟ್ರೋಲ್ ಬ್ಯಾಡ, ಚೈನಲ್ಲಿ ರಬ್ಬರ್ ಬಳೆ ಇದ್ರ ಕೆಡ್ತದ. ಇಂಜಿನ್ ಆನ್ ಮಾಡ್ಬುಟ್ಟು ಚೈನು ಒರ್ಸೋರವ್ರ, ಅದ ಯಾವತ್ಗೂ ಮಾಡ್ಬ್ಯಾಡಿ, ಮಾಡಕ ಬುಡ್ಬ್ಯಾಡಿ. ಬಟ್ಟೆ ಎಳ್ಕತದ, ಜತೆಗ ಬೆರಳೂ ಹೋಯ್ತದ. ಚಕ್ರ ಕಯ್ಯಲ್ಲೇ ತಿರುಗ್ಸಿ. ಎಣ್ಣೆ ಟೈರಿಗೋ ಬ್ರೇಕಿನ ತಟ್ಟೆಗೋ ತಾಕಿದ್ರ ಚೆಂದಾಗಿ ಒರ್ಸಿ. ಆಯುಧಪೂಜೆಗ ಮಿರಮಿರ ಅನ್ಲಿ ಅಂತ ಟೈರಿಗ ಪಾಲಿಶ್ ಹಚ್ಚೋದೂ ಅಷ್ಟೇ, ನೆಲ ಮುಟ್ಟೋ ಕಡ ಹಚ್ಬ್ಯಾಡಿ.

ಸುಗ್ಗೀಲಿ ಇನ್ನೊಂದು ಅದ. ನಮ್ಮ ರೋಡಿನ ಮೇಲೇ ಹುರುಳಿ ಹಾಸ್ತರ. ಅದ್ರ ಮೇಲ ಯಾವ ಟೈರೂ ನಿಲ್ಲಕಿಲ್ಲ, ಬಟನ್‌ದೂ ಅಷ್ಟೇ. ಹಂಬು ಚೈನಿಗ ಸುತ್ಕತದ, ಕಾದ ಸೈಲೆನ್ಸರಿಗ ಅಂಟ್ಕಂಡ್ರ ಬೆಂಕಿ ಹತ್ಕಳದೂ ಉಂಟು. ಇಳ್ದು, ನಡ್ದು ದಾಟಿ. ಮನೆಗ ಬಂದೇಟ್ಗೆ ಗಾಡಿ ತಣ್ಣಗಾದ ಮೇಲ ಕಿತ್ತು ಹಾಕಿ. ಹಾಸೋರು ನಮ್ಮೋರೇ ಆಗಿರ್ತರ, ಅವ್ರ್ಗೂ ಒಂದ್ಮಾತು ಹೇಳಿ.

ಇನ್ನು ಸೀರೆ ಗಾರ್ಡು. ಅಂದ ಕೆಡ್ತದ ಅಂತ ಬಿಚ್ಚಿ ಅಟ್ಟಕ್ಕ ಎಸೀತರ. ಹಿಂದ ಕೂತೋರ ಬಟ್ಟೆ ಚಕ್ರಕ್ಕ ಸಿಗ್ದಂಗ ಅರ್ಧ ಚಕ್ರಕ್ಕ ಕಡ್ಮೆ ಇಲ್ದ ಮರೆ ಇರ್ಬೇಕು, ಹಿಡ್ಕಳಕ ಹಿಡಿ ಇರ್ಬೇಕು, ಕಾಲಿಡಕ ಜಾಗ ಇರ್ಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಬರ್ದದ. ಅದು ನಮ್ಗಾಗೇ ಬರ್ದಿರೋದು. ಅಟ್ಟದಿಂದ ಇಳ್ಸಿ ಹಾಕುಸ್ರವ್ವ. ಅದಿಲ್ದ ಗಾಡಿ ಹತ್ತಕಿಲ್ಲ ಅನ್ನಿ.

"ಹೆಂಗಸ್ರಿಗ ಏನ್ ಗೊತ್ತು" ಅಂದ್ರ ಮ್ಯಾಲೆ ಹೇಳಿದ್ನ ಒಂದೊಂದಾಗಿ ಕೇಳಿ: ಟೈರಿನ ತಾರೀಕು ಯಾವ್ದು, ಗಾಳಿ ಯಾವಾಗ ನೋಡ್ದ, ಕಡ್ಡಿ ತಟ್ಟಿದ್ಯಾ. ಉತ್ರ ಬರ್ಲಿಲ್ಲ ಅಂದ್ರ ಗೊತ್ತಿಲ್ದಿರೋದು ಯಾರ್ಗ ಅಂತ ತಿಳೀತದ. ಲೈಟು, ಸ್ಟಿಕ್ಕರು, ಕಬ್ಬಿಣದ ಗಾರ್ಡು ಅಂತ ಸುರಿಯೋ ದುಡ್ಡಿಗ ಮೊದ್ಲು ಟೈರು ಬರ್ಲಿ. ಅಕ್ಕಿ ಬ್ಯಾಳೆ ಬರ್ಯೋ ಲೆಕ್ಕದ ಪುಸ್ತಕದಲ್ಲೇ ಟೈರಿಗ ಅಂತ ಒಂದು ಸಾಲು ಹಾಕಿ, ತಿಂಗ್ಳಿಗಿಷ್ಟು ಅಂತ ತಗ್ದು ಮಡುಗಿ. ಹಂಗ ಮಡುಗಿದ್ರ ಟೈರು ಸವ್ದ ದಿನ ಸಾಲ ಹುಡ್ಕೋ ಹಂಗಿಲ್ಲ, ನಾಳೆ ನೋಡುವ ಅಂತ ಮುಂದೂಡೋ ಹಂಗೂ ಇಲ್ಲ.