ಕಲ್ನಾರು ಕಾರ್ಮಿಕನ ದಾಖಲೆ ಕಾರ್ಮಿಕನ ಕೈಗೇ ಬರಲಿ

ಕಾರ್ಮಿಕ ಬಂಧುಗಳಲ್ಲಿಯೂ ಮಹಾಜನರಲ್ಲಿಯೂ ಒಂದು ವಿಜ್ಞಾಪನೆ



ಕಲ್ಲಿನ ಪದರಗಳಲ್ಲಿ ಹುಟ್ಟಿ, ನಾರಿನಂತೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುವುದರಿಂದ ಕನ್ನಡದಲ್ಲಿ ಕಲ್ನಾರೆಂದು ಹೆಸರು ಪಡೆದ ಆಸ್‌ಬೆಸ್ಟಾಸ್ ಎಂಬ ಖನಿಜವು, ಬೆಂಕಿಗೆ ಉರಿಯದೆ, ನೀರಿಗೆ ಕೊಳೆಯದೆ, ಅಗ್ಗದಲ್ಲಿ ದೊರೆಯುವ ತನ್ನ ಗುಣಗಳಿಂದ ನಮ್ಮ ಮನೆಗಳ ಮಾಡನ್ನೂ ನೀರಿನ ಕೊಳವೆಗಳನ್ನೂ ವಾಹನಗಳ ಬ್ರೇಕನ್ನೂ ಸೇರಿಕೊಂಡಿರುವುದು ಎಲ್ಲರೂ ಬಲ್ಲ ಸಂಗತಿ. ಬೆಂಕಿಗೂ ನೀರಿಗೂ ಬಗ್ಗದ ಆ ಎಳೆಯು ಮನುಷ್ಯನ ಶ್ವಾಸಕೋಶವನ್ನು ಹೊಕ್ಕರೆ ಅಲ್ಲಿಯೂ ಸುಲಭವಾಗಿ ಬಗ್ಗದೆಂಬುದನ್ನು ಬಲ್ಲವರು ಮಾತ್ರ ಕಡಿಮೆ.

ಕಲ್ನಾರಿನ ಸಿಮೆಂಟ್ ಶೀಟನ್ನು ಗರಗಸದಿಂದ ಕೊಯ್ಯುವ ಕೆಲಸಗಾರನನ್ನು ಒಮ್ಮೆ ನೋಡಿರಿ. ಗರಗಸ ಎಳೆದೆಳೆದಂತೆ ಬೂದುಬಣ್ಣದ ಹುಡಿಯೇಳುತ್ತದೆ. ಅವನ ಕಣ್ಣರೆಪ್ಪೆಯ ಮೇಲೆಯೂ ತಲೆಗೆ ಸುತ್ತಿದ ಟವೆಲಿನ ಮಡಿಕೆಗಳಲ್ಲಿಯೂ ಕೂರುತ್ತದೆ. ಸಂಜೆ ಆ ಟವೆಲನ್ನು ಹೆಂಡತಿ ಬಾಗಿಲಲ್ಲಿ ನಿಂತು ಕೊಡವಿ ಒಗೆಯಲು ಹಾಕುತ್ತಾಳೆ. ಆ ದಿನ ಇಬ್ಬರಿಗೂ ಏನೂ ಆಗುವುದಿಲ್ಲ. ಆದರೆ ಹೀಗೆ ವರ್ಷಗಟ್ಟಲೆ ಹುಡಿ ಕುಡಿದವನಿಗೆ, ಹತ್ತಿಪ್ಪತ್ತು ವರ್ಷಗಳು ಕಳೆದ ಬಳಿಕ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ, ಒಣಕೆಮ್ಮು ಬಿಡದಾಗುತ್ತದೆ, ಕ್ಷಯವೆಂದು ಒಬ್ಬರು, ಬೀಡಿಯ ಫಲವೆಂದು ಮತ್ತೊಬ್ಬರು ಹೇಳುವಷ್ಟರಲ್ಲಿ ಆಸ್‌ಬೆಸ್ಟೋಸಿಸ್ ಎಂಬ ಕಲ್ನಾರಿನ ರೋಗವು ಅವನ ಶ್ವಾಸಕೋಶವನ್ನು ಗಡುಸು ಮಾಡಿರುತ್ತದೆ. ಶ್ವಾಸಕೋಶದ ಹೊದಿಕೆಗೆ ತಗಲುವ ಮೆಸೊಥೀಲಿಯೋಮ ಎಂಬ ಅರ್ಬುದವಂತೂ ಮೂವತ್ತು ನಲವತ್ತು ವರ್ಷ ಸುಳಿವೇ ಕೊಡದೆ ಅಡಗಿದ್ದು ಬರಬಲ್ಲುದು. ಬಟ್ಟೆ ಒಗೆದ ಹೆಂಡತಿಯನ್ನೂ ಅದು ಬಿಟ್ಟಿಲ್ಲವೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಸಾಕ್ಷ್ಯವುಂಟು.

ಈ ಕೇಡು ಈಚೆಗೆ ತಿಳಿದುಬಂದುದೆಂದು ಹೇಳುವವರಿದ್ದರೆ ಅವರು 1924ನೆಯ ಇಸವಿಯನ್ನು ನೆನೆಯಬೇಕು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಆ ವರ್ಷ; ರೋಗದ ಹೆಸರು ಪರಿಹಾರದ ಪಟ್ಟಿಯಲ್ಲಿಲ್ಲವೆಂದು ಮಾಲೀಕರು ಆಕೆಗೆ ಏನನ್ನೂ ಕೊಡಲಿಲ್ಲ. ಆಕೆಯ ಶ್ವಾಸಕೋಶದಲ್ಲಿ ಖನಿಜದ ಕಣಗಳನ್ನು ಕಂಡ ಡಬ್ಲ್ಯು. ಇ. ಕುಕ್ ಎಂಬ ವೈದ್ಯರು ಅದನ್ನು ಪ್ರಕಟಿಸಿದರು. 1931ರಲ್ಲಿ ಆ ದೇಶವು ಗಿರಣಿಯ ಧೂಳನ್ನು ಹತ್ತಿಕ್ಕಲು ನಿಯಮಗಳನ್ನು ಮಾಡಿತು. ಅಮೆರಿಕೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಲ್ನಾರಿನ ಶಾಖನಿರೋಧಕ ಹೊದಿಸುವ ಕೆಲಸ ಮಾಡಿದ ಕ್ಲಾರೆನ್ಸ್ ಬೊರೆಲ್ ತಯಾರಕರ ಮೇಲೆ ದಾವೆ ಹೂಡಿ, ತೀರ್ಪನ್ನು ಕಾಣದೆ 1970ರಲ್ಲಿ ಕಣ್ಮುಚ್ಚಿದನು. ಅವನ ವಿಧವೆಯು ದಾವೆಯನ್ನು ಮುಂದುವರಿಸಿದಳು. ಅಪಾಯವನ್ನು ಅರಿಯಬೇಕಾಗಿದ್ದೂ ಎಚ್ಚರಿಕೆ ಕೊಡದ ತಯಾರಕನೇ ಹೊಣೆಯೆಂದು 1973ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಎತ್ತಿಹಿಡಿಯಿತು.

ನಮ್ಮ ದೇಶದಲ್ಲಿಯೂ ನ್ಯಾಯದ ವಾಣಿ ಕೇಳಿಬಂದಿದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ತಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು, ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೆಯ ವಿಧಿಯು ಕೊಡಮಾಡಿದ ಜೀವಿಸುವ ಹಕ್ಕಿನ ಅಂಗವೆಂದು ಸಾರಿ, ಆಸ್‌ಬೆಸ್ಟೋಸಿಸ್ ಇರುವುದೆಂದು ಪ್ರಮಾಣಿತವಾದ ಪ್ರತಿಯೊಬ್ಬನಿಗೂ 1 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟಂದಿನಿಂದ 15 ವರ್ಷ, ಇವುಗಳಲ್ಲಿ ಯಾವುದು ತಡವಾಗಿ ಮುಗಿಯುವುದೋ ಅಲ್ಲಿಯ ತನಕ ಕಾಪಾಡಬೇಕೆಂದೂ ಆಜ್ಞಾಪಿಸಿತು. ರೋಗದ ನಿಧಾನಗತಿಯನ್ನು ಅರಿತು ಕೊಟ್ಟ ಆಜ್ಞೆ ಇದು.

ಆದರೆ 1923ರ ಪರಿಹಾರ ಕಾಯಿದೆಯ ಲೆಕ್ಕವೇ ಬೇರೆ. ಕೆಲಸ ಬಿಟ್ಟ 2 ವರ್ಷಗಳೊಳಗೆ ರೋಗದ ಲಕ್ಷಣ ತೋರಿದರೆ, ಲಕ್ಷಣ ಮೊದಲು ಕಂಡ ದಿನವನ್ನೇ ಅಪಘಾತವಾದ ದಿನವೆಂದು ಎಣಿಸುವ ಅನುಕೂಲವನ್ನು ಅದು ಕೊಟ್ಟಿತು; ಹಕ್ಕುಕೇಳಿಕೆಗೂ 2 ವರ್ಷಗಳ ಅವಧಿಯನ್ನೇ ಇಟ್ಟು, ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವನ್ನು ಆಯುಕ್ತರಿಗೆ ಬಿಟ್ಟಿತು. ಮೂವತ್ತು ವರ್ಷ ಬಿಟ್ಟು ಬರುವ ರೋಗಕ್ಕೆ ಎರಡು ವರ್ಷಗಳ ಗಡುವೆಂದರೆ, ಬಿತ್ತನೆಯ ಮಾರನೆಯ ದಿನವೇ ತೆನೆ ತೋರಿಸೆಂದು ರೈತನನ್ನು ಕೇಳಿದಂತೆ. ಆ ಕಾಯಿದೆ ಇಂದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಕಾಯಿದೆಯ ಹೆಸರು ಬದಲಾದ ಮಾತ್ರಕ್ಕೆ ನ್ಯಾಯವು ತಾನಾಗಿ ಮನೆಬಾಗಿಲಿಗೆ ಬಾರದು.

ಕಾರ್ಖಾನೆ ಮುಚ್ಚುತ್ತದೆ, ಒಡೆತನ ಕೈಮಾರುತ್ತದೆ, ಗುತ್ತಿಗೆದಾರನು ಊರು ಬಿಡುತ್ತಾನೆ, ಹಾಜರಿ ಪುಸ್ತಕ ಗೆದ್ದಲಿಗೆ ಆಹಾರವಾಗುತ್ತದೆ. ಕೊನೆಗೆ ಉಸಿರಿಗಾಗಿ ತಡಕಾಡುವ ಮುದುಕನೇ ತಾನು ಅಲ್ಲಿ ದುಡಿದೆನೆಂದು ರುಜುವಾತು ಪಡಿಸಬೇಕಾಗುತ್ತದೆ. ಆದಕಾರಣ ನಾವು ಮುಖ್ಯವಾಗಿ ಕೇಳುವುದು ಒಂದನ್ನೇ: ಕಲ್ನಾರಿನೊಡನೆ ದುಡಿಯುವ ಪ್ರತಿಯೊಬ್ಬನಿಗೂ, ಕಾಯಮ್ಮಿನವನಾಗಲಿ ಗುತ್ತಿಗೆಯವನಾಗಲಿ, ಅವನು ದುಡಿದ ಕಾಲ, ವಿಭಾಗ, ಧೂಳಿನ ಅಳತೆ, ಎದೆಯ ಎಕ್ಸ್‌ರೇ ಇವುಗಳ ಪ್ರತಿಯನ್ನು ವರ್ಷ ವರ್ಷವೂ ಅವನ ಕೈಗೇ ಕೊಡತಕ್ಕದ್ದು, ಕೊಡದ ಪಕ್ಷದಲ್ಲಿ, ರೋಗ ಬಂದಾಗ ಅದು ಆ ಕೆಲಸದಿಂದ ಬಂದುದಲ್ಲವೆಂದು ಸ್ಥಾಪಿಸುವ ಭಾರವನ್ನು ಮಾಲೀಕನೇ ಹೊರತಕ್ಕದ್ದು. ಇದರೊಡನೆ ಗಡುವನ್ನು ರೋಗವು ಪ್ರಮಾಣಿತವಾದ ದಿನದಿಂದ ಎಣಿಸಬೇಕು. 1995ರಲ್ಲಿ ನಿಗದಿಯಾದ ಮೊತ್ತವನ್ನು ಇಂದಿನ ಬೆಲೆಗಳಿಗೆ ಸರಿಹೊಂದಿಸಬೇಕು.

ಬಂಧುಗಳೆ, ಶಾಸನ ತಿದ್ದುವವರೆಗೆ ನೀವು ಕೈಕಟ್ಟಿ ಕೂರಬೇಡಿ. ಗೇಟ್ ಪಾಸು, ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು, ಪಿ.ಎಫ್. ಚೀಟಿ, ಹಳೆಯ ಎಕ್ಸ್‌ರೇ ಯಾವುದನ್ನೂ ಬಿಸಾಡದೆ ಒಂದು ಟ್ರಂಕಿನಲ್ಲಿ ಜೋಪಾನಮಾಡಿರಿ. ಜೊತೆಯಲ್ಲಿ ದುಡಿದವರ ಹೆಸರು, ಊರುಗಳನ್ನು ಬರೆದಿಡಿರಿ. ನಾಳೆ ಅವರೇ ನಿಮ್ಮ ಸಾಕ್ಷಿಗಳು. ವೈದ್ಯರ ಮುಂದೆ ಕುಳಿತಾಗ ಕೆಮ್ಮನ್ನು ಮಾತ್ರ ಹೇಳಿ ಎದ್ದುಬಾರದೆ, ಎಷ್ಟು ವರ್ಷ ಕಲ್ನಾರಿನ ಹುಡಿಯಲ್ಲಿ ದುಡಿದಿರೆಂಬುದನ್ನು ಹೇಳಿ ಬರೆಸಿಕೊಳ್ಳಿರಿ. ಇ.ಎಸ್.ಐ.ಗೆ ಒಳಪಟ್ಟವರು ಅದರ ಕಚೇರಿಯಲ್ಲಿಯೂ, ಉಳಿದವರು ಪರಿಹಾರದ ಅಧಿಕಾರಿಯ ಮುಂದೆಯೂ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ. ದುಡಿದವನು ತೀರಿಕೊಂಡಿದ್ದರೂ ಅವನ ಅವಲಂಬಿತರ ಹಕ್ಕು ತೀರುವುದಿಲ್ಲ.

ಶೀಟಿನ ಮಾಡಿನಡಿಯಲ್ಲಿ ಮಳೆಬಿಸಿಲು ತಪ್ಪಿಸಿಕೊಂಡ ನಾವೆಲ್ಲರೂ ಅದನ್ನು ಮಾಡಿಕೊಟ್ಟವರ ಉಸಿರಿಗೆ ಋಣಿಗಳು. ಆ ಋಣವನ್ನು ಅವರು ಬದುಕಿರುವಾಗಲೇ ತೀರಿಸೋಣ. ಓದಿದವರು ಓದು ಬಾರದವರಿಗೆ ಓದಿಹೇಳಿ, ಈ ಕಾಗದವನ್ನು ಮುಂದಿನ ಮನೆಗೆ ದಾಟಿಸಬೇಕೆಂದು ಪ್ರಾರ್ಥನೆ.