ಮುಳುಗಿದ ಊರಿಗೆ 75 ವರ್ಷದ ದಾಖಲೆ ಎಲ್ಲಿಂದ ತರೋದು?

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಂತಿದೆ: 2000 ಮೆಗಾವ್ಯಾಟ್ ಬೇಕೋ, ಸಿಂಗಳೀಕ ಬೇಕೋ? ಮಲೆನಾಡಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪರಿಸರ ಇತಿಹಾಸ ಪಾಠ ಮಾಡುವ ನನಗೆ ಈ ಪ್ರಶ್ನೆಯೊಳಗೆ ಒಂದು ಗುಂಪು ಕಾಣೆಯಾಗಿರೋದು ಎದ್ದು ಕಾಣುತ್ತೆ. ಇದೇ ನದಿಯ ವಿದ್ಯುತ್ತಿಗಾಗಿ 60 ವರ್ಷದ ಹಿಂದೆ ಊರು ಬಿಟ್ಟವರು ಅವರು.

ಯೋಜನೆ ಏನು ಅನ್ನೋದನ್ನು ಮೊದಲು ಸರಳವಾಗಿ ಹೇಳಿಬಿಡ್ತೀನಿ. ವಿದ್ಯುತ್ ಹೆಚ್ಚಿದ್ದಾಗ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತೋದು, ಬೇಡಿಕೆ ಏರಿದಾಗ ಮತ್ತೆ ಕೆಳಗೆ ಬಿಡೋದು. ಎತ್ತೋಕೆ ತಗಲುವ ವಿದ್ಯುತ್ತಿಗಿಂತ ವಾಪಸ್ ಬರೋದು ಕಡಿಮೆಯೇ. ಅಂದರೆ ಇದು ಉತ್ಪಾದನೆಯಲ್ಲ, ದಾಸ್ತಾನು. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಅಣೆಕಟ್ಟು ಬೇಕಿಲ್ಲ ಅನ್ನೋದು ಸಮರ್ಥಕರ ವಾದ. ಹಾಗಾದರೆ ಆ ಹಳೆಯ ಅಣೆಕಟ್ಟುಗಳ ಲೆಕ್ಕ ಚುಕ್ತಾ ಆಗಿದೆಯಾ?

ಇಲ್ಲಿ ಇಸವಿಗಳ ಅನುಕ್ರಮವೇ ಅರ್ಧ ಕತೆ ಹೇಳುತ್ತೆ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದರು. 1964ಕ್ಕೆ ಲಿಂಗನಮಕ್ಕಿ ಪೂರ್ಣವಾಯಿತು. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಕಣಿವೆಯಲ್ಲಿ ಗೇಣಿಗೆ ಉಳುತ್ತಿದ್ದವನ ಗದ್ದೆ ಅಷ್ಟೊತ್ತಿಗೆ 10 ವರ್ಷದಿಂದ ನೀರಿನಡಿ ಇತ್ತು. ಕಾನೂನು ಬಂತು, ಉಳೋಕೆ ಭೂಮಿಯೇ ಇರಲಿಲ್ಲ. ಮುಳುಗಡೆ ಸಂತ್ರಸ್ತರೆಂದು ನಾವು ಒಂದೇ ಉಸಿರಿನಲ್ಲಿ ಕರೆಯುವವರಲ್ಲಿ ಪಟ್ಟಾದಾರ ಬೇರೆ, ಗೇಣಿದಾರ ಬೇರೆ, ಕೂಲಿ ಬೇರೆ. ಅಣೆಕಟ್ಟು ಎಲ್ಲರನ್ನೂ ಎಬ್ಬಿಸಿತು ನಿಜ, ಆದರೆ ಪರಿಹಾರ ಹೋಗೋದು ಕಾಗದ ಇದ್ದವರ ಹಿಂದೆ.

ಎದ್ದು ಹೋದವರಲ್ಲಿ ಅನೇಕರಿಗೆ ಸಿಕ್ಕಿದ್ದು ಕಾಡಂಚಿನ ಜಾಗ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ಭೂಮಿ ಕೊಡೋಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಸರ್ಕಾರವೇ ಕೂರಿಸಿದ ಜಾಗದಲ್ಲಿ ಮೊಮ್ಮಕ್ಕಳು ಇವತ್ತು 'ಒತ್ತುವರಿದಾರರು'.

2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೆ ದಾರಿಯಾಗಬೇಕಿತ್ತು. ಆದರೆ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿ: 1930. ಅರುವತ್ತರ ದಶಕದಲ್ಲಿ ಹೊಸ ಜಾಗಕ್ಕೆ ಬಂದವರ ಹತ್ತಿರ ಅಲ್ಲಿನ ಸರ್ವೆ ನಂಬರಿಗೆ 1930ರ ಕಾಗದ ಹೇಗಿರುತ್ತೆ? ಕಾಯ್ದೆ ಕೇಳೋದು ಕಾಡಿನ ಜೊತೆಗಿನ ಬಾಳಿನ ಸಾಕ್ಷ್ಯ, ಒಂದು ತುಂಡು ಭೂಮಿಯ ಖಾತೆಯನ್ನಲ್ಲ. ಆ ಬಾಳು ಇದ್ದದ್ದು ಮುಳುಗಿದ ಊರಿನಲ್ಲಿ. ಹಳೆಯ ಊರನ್ನೂ ಹೊಸ ಊರನ್ನೂ ಜೋಡಿಸಿ ಒಂದೇ ಇತಿಹಾಸವಾಗಿ ಬರೆಯದೇ ಹೋದರೆ ಅರ್ಜಿ ಬೀಳುತ್ತೆ.

ನಿಯಮಗಳಲ್ಲಿ ಇದಕ್ಕೆ ಅವಕಾಶ ಇದೆ. 13ನೇ ನಿಯಮದ ಪ್ರಕಾರ ಗೆಜೆಟಿಯರ್, ಜನಗಣತಿ ವರದಿ, ಬಾವಿ, ಸ್ಮಶಾನ, ದೇವರ ಬನ ಎಲ್ಲವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಇಂಥದ್ದೇ ದಾಖಲೆ ಬೇಕು ಅಂತ ಸಮಿತಿಗಳು ಹಠ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತೆ. ಇದೆಲ್ಲ ಇತಿಹಾಸಕಾರರು ದಿನಾ ಮಾಡುವ ಕೆಲಸವೇ ಅಲ್ವಾ?

ಆದರೆ ನಮ್ಮ ಕಾಲೇಜುಗಳಲ್ಲಿ ಪರಿಸರ ಅಂದರೆ ಏನು? ಸುಪ್ರೀಂ ಕೋರ್ಟ್ ಆದೇಶದಿಂದಾಗಿ ಪದವಿಯಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಯಿತು. ಯಾರಿಗೆ ಪೀರಿಯಡ್ ಕಡಿಮೆ ಇದೆಯೋ ಅವರ ತಲೆಗೆ ಈ ಪೇಪರ್ ಕಟ್ತಾರೆ, ಹೆಚ್ಚಿನ ಸಲ ಅತಿಥಿ ಉಪನ್ಯಾಸಕರಿಗೆ. ಅರಣ್ಯನಾಶಕ್ಕೆ ಕಾರಣ ಬರೆಯಿರಿ ಅಂದರೆ ಮಕ್ಕಳು ಮೊದಲು ಬರೆಯೋದು 'ಜನಸಂಖ್ಯಾ ಸ್ಫೋಟ'. ಅಣೆಕಟ್ಟು, ಗಣಿ, ನೀಲಗಿರಿ ನೆಡುತೋಪು ಆಮೇಲೆ ಬರುತ್ತವೆ, ಬಂದರೆ. ಮುಳುಗಡೆ ಕುಟುಂಬದ ಹುಡುಗಿಯೂ ಇದನ್ನೇ ಬಾಯಿಪಾಠ ಮಾಡಿ ತನ್ನ ಅಜ್ಜನ ಮೇಲೆಯೇ ಆರೋಪ ಬರೆದು ಅಂಕ ತಗೋತಾಳೆ.

ಸಿಂಗಳೀಕದ ಪರ ನಿಲ್ಲುವ ಗೆಳೆಯರಿಗೂ ಒಂದು ಮಾತು. ಅಭಯಾರಣ್ಯದೊಳಗಿನ ಸುರಂಗ, ರಸ್ತೆ ವಿರೋಧಿಸೋಣ, ನಾನೂ ವಿರೋಧಿಸ್ತೀನಿ. ಆದರೆ ಕಾಡು ಉಳಿಸುವ ಭಾಷೆಯಲ್ಲೇ ಸಂತ್ರಸ್ತರಿಗೆ ಒಕ್ಕಲೆಬ್ಬಿಸುವ ನೋಟಿಸ್ ಬರುವಾಗ ಸುಮ್ಮನಿದ್ದರೆ ಆ ಜನ ನಮ್ಮ ಜೊತೆ ಯಾಕೆ ಬರಬೇಕು?

1964ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 80 ದಾಟಿದೆ. ಹಿರಿಯರ ಹೇಳಿಕೆ ಬರೆದುಕೊಳ್ಳೋಕೆ ಉಳಿದಿರುವ ಸಮಯ ಅಷ್ಟೇ. ನನ್ನ ತರಗತಿಯಲ್ಲಿ ಈಗ ಅಸೈನ್‌ಮೆಂಟ್ ಅಂದರೆ ಇದೇ: ಮುಳುಗಿದ ಊರಿನ ಹೆಸರು, ಬಾವಿ, ಬನ, ಗದ್ದೆ, ಯಾರ ಗೇಣಿ, ಹೊರಟ ವರ್ಷ. ಬರೆದದ್ದರ ಒಂದು ಪ್ರತಿ ನನಗೆ, ಇನ್ನೊಂದು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ.